ಎಡಗಡೆ ನೋಡಿ ಎಂದ ದನಿ

ತಿಮಿಂಗಿಲ ಬರುವ ಲಕ್ಷಣವೇ ಕಾಣಲಿಲ್ಲ.

ಬೆಳಗಿನಿಂದ ದೋಣಿಯ ಕಂಬಿ ಹಿಡಿದು ನಿಂತೂ ನಿಂತೂ ಇನ್ಸ್‌ಪೆಕ್ಟರಮ್ಮನ ಅಂಗೈಗೆ ತುಕ್ಕಿನ ಬಣ್ಣ ಹತ್ತಿತ್ತು. ಮುಂದೆ ನೀರು, ಹಿಂದೆ ನೀರು, ನೆತ್ತಿಯ ಮೇಲೆ ಕಾದ ಕಾವಲಿಯಂಥ ಬಿಸಿಲು. ಹೊಂಚು ಹಾಕಿ ಹಿಡಿಯುವುದರಲ್ಲಿ ಬಂದರು ಠಾಣೆಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಎಂಥ ಕಳ್ಳನಾದರೂ ಹಸಿವಾದಾಗ ಬಿಲ ಬಿಟ್ಟು ಹೊರಗೆ ಬರುತ್ತಾನೆ. ಆದರೆ ನೀರಿನ ತಳದಲ್ಲಿ ಹಾಯಾಗಿರುವ ಪ್ರಾಣಿಗೆ ಯಾವ ಠಾಣೆಯಿಂದ ಸಮನ್ಸ್ ಕಳಿಸುವುದು?

"ಇನ್ನೊಂದು ಸುತ್ತು ಹೊಡೀರಿ," ಎಂದಳು.

ಚುಕ್ಕಾಣಿ ಹಿಡಿದಿದ್ದ ಕ್ಯಾಪ್ಟನ್ ತಿರುಗಿಯೂ ನೋಡಲಿಲ್ಲ. ಡೀಸೆಲ್ ಏನು ನಿಮ್ಮಪ್ಪನ ಮನೆಯದೇ ಎಂದು ಪೊಲೀಸರನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಅವನ ಬೆನ್ನು ಮಾತ್ರ ಅದನ್ನೇ ಕೇಳುತ್ತಿತ್ತು.

ಪ್ರವಾಸಿಗರಿಗೆ ತಿಮಿಂಗಿಲ, ಡಾಲ್ಫಿನ್ ತೋರಿಸುವ ಈ ದೋಣಿಯಲ್ಲಿ ಮೈಕು ಹಿಡಿದು ವಿವರಣೆ ಕೊಡುತ್ತಿದ್ದ ನಿವೃತ್ತ ಮೇಷ್ಟ್ರು ಹೋದ ವಾರ ಇಲ್ಲಿಂದಲೇ ಕಾಣೆಯಾಗಿದ್ದರು. ತಿಮಿಂಗಿಲ ಎದ್ದಿತೆಂದು ಜನರೆಲ್ಲ ಬಲಗಡೆಯ ಕಂಬಿಗೆ ಓಡಿದ್ದಾರೆ, ನೋಡಿ ಮುಗಿಸಿ ತಿರುಗಿದರೆ ಮೇಷ್ಟ್ರಿಲ್ಲ. ಹಿಂಬದಿಯ ಕಂಬಿಯ ಬುಡದಲ್ಲಿ ಅವರ ಕನ್ನಡಕವೊಂದು ಬಿದ್ದಿತ್ತು.

ದೋಣಿ ತುಂಬ ಜನ, ಜನರ ಕೈ ತುಂಬ ಕ್ಯಾಮೆರಾ. ಒಂದು ಫೋಟೋದಲ್ಲೂ ಮೇಷ್ಟ್ರಿಲ್ಲ. ಎಲ್ಲದರಲ್ಲೂ ಬಾಲವೇ ಬಾಲ.

ಆ ಬಾಲಗಳನ್ನು ನೋಡಿ ನೋಡಿ ರೋಸಿ ಹೋಗಿ ಇನ್ಸ್‌ಪೆಕ್ಟರಮ್ಮ ಈ ಹಟ ಹಿಡಿದಿದ್ದಳು. ಅದೇ ದೋಣಿ ಹೊರಡಲಿ, ಊರಲ್ಲಿ ಇನ್ನೂ ಉಳಿದಿರುವ ಆವತ್ತಿನ ಪ್ರಯಾಣಿಕರು ಹತ್ತಲಿ, ತಿಮಿಂಗಿಲ ಏಳಲಿ, ಆವತ್ತು ಯಾರು ಎಲ್ಲಿಂದ ಎಲ್ಲಿಗೆ ಓಡಿದ್ದರೋ ಹಾಗೆಯೇ ಓಡಲಿ. ಯಾರ ಕಾಲು ಬೇರೆ ಕಡೆಗೆ ಹೋಗುತ್ತದೋ ನೋಡೋಣ. ಮೇಲಿನ ಸಾಹೇಬರು ಇದನ್ನು ಕೇಳಿ, ತಿಮಿಂಗಿಲವನ್ನೂ ಸಾಕ್ಷಿ ಕಟಕಟೆಗೆ ಹತ್ತಿಸ್ತೀರೇನಮ್ಮಾ ಎಂದು ನಕ್ಕಿದ್ದರು. ನಕ್ಕು ಮುಗಿದ ಮೇಲೆ, ಇವತ್ತು ಸಂಜೆಯೊಳಗೆ ಏನೂ ಸಿಗದಿದ್ದರೆ ಕಾಲು ಜಾರಿ ಬಿದ್ದರು ಎಂದು ಬರೆದು ಮುಗಿಸಿ ಎಂದೂ ಹೇಳಿದ್ದರು.

ಸಂಜೆಗೆ ಇನ್ನೆಷ್ಟು ಹೊತ್ತು? ಸೂರ್ಯ ಆಗಲೇ ಇಳಿಮುಖವಾಗಿದ್ದ.

ಬಂದವರು ಬೆರಳೆಣಿಕೆಯಷ್ಟು ಜನ. ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡ ಫೋಟೋಗ್ರಾಫರ್ ಒಬ್ಬ. ಒಬ್ಬ ಅಳಿಯ, ಅವನ ಅತ್ತೆ. ರಜೆಗೆಂದು ಬಂದವರು, ಪೊಲೀಸರ ದೆಸೆಯಿಂದ ಇನ್ನೂ ಹೋಟೆಲಿನಲ್ಲಿ ಕೊಳೆಯುತ್ತಿದ್ದವರು. ಎಂಜಿನ್ ನೋಡಿಕೊಳ್ಳುವವನು ಕ್ಯಾಪ್ಟನ್‌ನ ಹೆಂಡತಿಯ ತಮ್ಮ. ಅವನನ್ನು ಬಂದರಿನವರೆಲ್ಲ ಭಾಮೈದ ಎಂದೇ ಕರೆಯುತ್ತಿದ್ದರು. ಜತೆಗೆ ಠಾಣೆಯ ಕಾನ್‌ಸ್ಟೇಬಲ್. ಇವರೆಲ್ಲರಿಂದ ದೂರ, ನೆರಳಿನ ಬೆಂಚಿನ ತುದಿಯಲ್ಲಿ ಮೇಷ್ಟ್ರ ಹೆಂಡತಿ.

ಆಕೆ ಆ ದಿನ ದೋಣಿಯಲ್ಲಿ ಇರಲಿಲ್ಲ. ಬರಬೇಡಿ ಎಂದರೂ ಬಂದಿದ್ದಳು. ಗಂಡ ದಿನವೂ ಹತ್ತುತ್ತಿದ್ದ ದೋಣಿ, ಒಂದು ಸಲವೂ ನಾನು ಹತ್ತಿರಲಿಲ್ಲ ಎಂದಷ್ಟೇ ಹೇಳಿ, ಲೈಫ್ ಜಾಕೆಟಿನ ಪಟ್ಟಿಗಳನ್ನು ತಪ್ಪು ತಪ್ಪಾಗಿ ಬಿಗಿದುಕೊಂಡು ಕೂತವಳು ಆಮೇಲೆ ಬಾಯಿ ಬಿಟ್ಟಿರಲಿಲ್ಲ.

ಬೆಳಿಗ್ಗೆ ಡಾಲ್ಫಿನ್‌ಗಳು ಬಂದಿದ್ದವು. ಬೇಡವೆಂದರೂ ಬಂದಿದ್ದವು. ದೋಣಿಯ ಮೂತಿಗೆ ಮೂತಿ ಹಚ್ಚಿ, ಮೇಲೆ ಹಾರಿ, ಮಗ್ಗುಲಾಗಿ ಬಿದ್ದು, ಮದುವೆ ಮನೆಯ ಮಕ್ಕಳ ಹಾಗೆ ದಾಂಧಲೆ ಎಬ್ಬಿಸಿದ್ದವು. ತಾವು ಯಾಕಾಗಿ ಬಂದಿದ್ದೇವೆಂಬುದನ್ನೇ ಮರೆತು ಎಲ್ಲರೂ ಕಂಬಿಗೆ ಜೋತುಬಿದ್ದಿದ್ದರು. ಅಳಿಯ ಚಪ್ಪಾಳೆ ತಟ್ಟಿದ. ಭಾಮೈದ ಎಂಜಿನ್ ಬಿಟ್ಟು ಮೇಲೆ ಬಂದ. ಹಿಂಬದಿಯ ಕಂಬಿಯ ಹತ್ತಿರ, ಕನ್ನಡಕ ಸಿಕ್ಕ ಜಾಗದಲ್ಲಿ, ಮೇಷ್ಟ್ರಾಗಿ ಅಲುಗಾಡದೆ ನಿಲ್ಲಬೇಕೆಂದು ಹೇಳಿಸಿಕೊಂಡಿದ್ದ ಕಾನ್‌ಸ್ಟೇಬಲ್ ಮೊಬೈಲ್ ಎತ್ತಿ ವಿಡಿಯೋ ಹಿಡಿಯುತ್ತಿದ್ದ.

"ರೀ, ನೀವು ಸತ್ತಿದ್ದೀರಿ," ಎಂದು ಇನ್ಸ್‌ಪೆಕ್ಟರಮ್ಮ ಗದರಿದಳು. "ಸತ್ತೋರು ವಿಡಿಯೋ ತೆಗೆಯಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನೆರಳಿನ ಬೆಂಚಿನಿಂದ ಮೇಷ್ಟ್ರ ಹೆಂಡತಿ ಅವಳನ್ನೇ ನೋಡುತ್ತಿದ್ದಳು. ಸತ್ತರೆಂದು ಇನ್ನೂ ಯಾರೂ ಹೇಳಿರಲಿಲ್ಲ. ಹೆಣ ಸಿಕ್ಕಿರಲಿಲ್ಲ. ಕರಾವಳಿ ಕಾವಲು ಪಡೆಯ ದೋಣಿಗಳು ವಾರವಿಡೀ ತಿಮಿಂಗಿಲ ಎದ್ದ ಜಾಗದ ಸುತ್ತ ನೀರನ್ನು ಜಾಲಾಡಿ, ಒಂದು ಚಪ್ಪಲಿಯೂ ಸಿಗದೆ ಬರಿಗೈಲಿ ಮರಳಿದ್ದವು.

ಡಾಲ್ಫಿನ್‌ಗಳು ಹೋದವು. ಆಮೇಲೆ ನೀರೇ ನೀರು. ನಿಂತವರು ಕೂತರು, ಕೂತವರು ಒರಗಿದರು. ಫೋಟೋಗ್ರಾಫರ್ ತನ್ನ ದಿನಗೂಲಿ ಯಾರು ಕೊಡುತ್ತಾರೆಂದು ಗೊಣಗಿದ. ಅಳಿಯ ಹೋಟೆಲಿನ ಬಾಡಿಗೆಯ ಮಾತು ತೆಗೆದ. ಅವನ ಅತ್ತೆ ಎಡಗಡೆಯ ಬೆಂಚಿನಲ್ಲಿ ಮುದುರಿಕೊಂಡು, ಮೊಣಕಾಲಿನ ನಡುವೆ ಪ್ಲಾಸ್ಟಿಕ್ ಚೀಲ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು. ದಡ ಬಿಟ್ಟಾಗಿನಿಂದ ಅದೊಂದೇ ಕೆಲಸ. ಆವತ್ತೂ ಹೀಗೆಯೇ ಆಗಿತ್ತಂತೆ. ಅದಕ್ಕೇ ಅವಳ ಹೇಳಿಕೆ ಎಲ್ಲರಿಗಿಂತ ಚಿಕ್ಕದು: ನಾನು ಏನೂ ನೋಡಿಲ್ಲ.

ಇನ್ಸ್‌ಪೆಕ್ಟರಮ್ಮನಿಗೆ ಆ ಕ್ಷಣ ಸಾಹೇಬರು ಸರಿ, ತಾನು ಹುಚ್ಚಿ ಅನ್ನಿಸಿತು. ಬಾಟಲಿ ನೀರು ತೆಗೆದುಕೊಂಡು ಹೋಗಿ ಮುದುಕಿಯ ಪಕ್ಕ ಕೂತಳು. ವಿಚಾರಣೆಗೆಂದಲ್ಲ. ಕಾಲು ಸೋತಿತ್ತು, ಅಷ್ಟೆ.

"ಸುಧಾರಿಸ್ಕೊಳಿ ಅಮ್ಮ. ಇನ್ನು ಸ್ವಲ್ಪ ಹೊತ್ತು. ಹೇಗೂ ಬರೋ ಹಾಗಿಲ್ಲ ಅದು."

ಮುದುಕಿ ಬಾಯಿ ಮುಕ್ಕಳಿಸಿ ಸಮುದ್ರಕ್ಕೆ ಉಗುಳಿದಳು. "ಬಂದರೆ ಈ ಸಲವಾದರೂ ಎಲ್ಲಿ ಬರುತ್ತೆ ಅಂತ ಸರಿಯಾಗಿ ಹೇಳಿ ತಾಯಿ. ಹೋದ ಸಲ ಜೀವ ಬಾಯಿಗೆ ಬಂದಿತ್ತು."

"ಯಾಕೆ?"

"ಎಡಗಡೆ ನೋಡಿ, ಎಡಗಡೆ ನೋಡಿ ಅಂದ್ರಲ್ಲ ಮೈಕಲ್ಲಿ. ನಾನು ಇಲ್ಲೇ ಎಡಗಡೆ ಕೂತಿದ್ದೆ. ಎಲ್ಲರೂ ಬಂದು ನನ್ನ ಮೇಲೇ ಬೀಳ್ತಾರೆ, ಚಟ್ನಿ ಆಗಿಹೋಗ್ತೀನಿ ಅಂತ ಈ ಕಂಬಿ ತಬ್ಬಿಕೊಂಡೆ. ನೋಡಿದ್ರೆ ಒಬ್ಬರೂ ಬರಲಿಲ್ಲ. ಧಡಧಡ ಅಂತ ಎಲ್ಲ ಆ ಕಡೆ ಓಡಿದ್ರು."

ಇನ್ಸ್‌ಪೆಕ್ಟರಮ್ಮನ ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಕೆಳಗೆ ಬಿದ್ದು ಉರುಳಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಅಮ್ಮಾ, ಸರಿಯಾಗಿ ಯೋಚಿಸಿ ಹೇಳಿ. ಎಡಗಡೆ ಅಂದ್ರಾ?"

"ಕಣ್ಣು ಮುಚ್ಚಿಕೊಂಡಿದ್ದೆ, ಕಿವಿ ಏನು ಮುಚ್ಚಿರಲಿಲ್ಲವಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಏನು ನೋಡಿದ್ರಿ ಅಂತ ಕೇಳಿದ್ರಿ, ಏನೂ ನೋಡಿಲ್ಲ ಅಂದೆ. ಏನು ಕೇಳಿಸ್ತು ಅಂತ ಯಾರೂ ಕೇಳಲಿಲ್ಲ." ಮುದುಕಿ ಮತ್ತೆ ಚೀಲಕ್ಕೆ ಬಾಗಿದಳು.

ಇನ್ಸ್‌ಪೆಕ್ಟರಮ್ಮ ಸೀದಾ ಫೋಟೋಗ್ರಾಫರ್ ಹತ್ತಿರ ಹೋದಳು. ಅವನನ್ನು ಎರಡು ಸಲ ಕೇಳಬೇಕಾಗಲಿಲ್ಲ. ಅದು ಅವನಿಗೂ ನುಂಗಲಾರದ ತುತ್ತಾಗಿತ್ತು. ಎಡಗಡೆ ಎಂದು ಕೇಳಿ ತಾನು ಎಡಕ್ಕೆ ಕ್ಯಾಮೆರಾ ಹಿಡಿದು ಪಟಪಟ ಒತ್ತಿದ್ದನಂತೆ. ಬರೀ ನೀರು ಬಂದಿತ್ತು. ಅಷ್ಟರಲ್ಲಿ ಬಲಗಡೆ ಯಾರೋ ಕಿರುಚಿದರು. ತಿರುಗಿ ಓಡುವಷ್ಟರಲ್ಲಿ ತಿಮಿಂಗಿಲದ ಬೆನ್ನು ಮುಳುಗಿ, ಬಾಲವಷ್ಟೇ ಸಿಕ್ಕಿತು. ಆ ಖಾಲಿ ನೀರಿನ ಫೋಟೋಗಳು ಎಲ್ಲಿ ಎಂದು ಕೇಳಿದ್ದಕ್ಕೆ, ಅವನ್ನು ಇಟ್ಟುಕೊಂಡು ಏನು ಮಾಡಲಿ, ಅಳಿಸಿದೆ ಎಂದ. ತಿಮಿಂಗಿಲದ ಫೋಟೋ ಕೊಡಿ ಎಂದು ಪೊಲೀಸರು ಕೇಳಿದ್ದರು. ಅವನು ತಿಮಿಂಗಿಲದ ಫೋಟೋ ಕೊಟ್ಟಿದ್ದ.

ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು. ಒಂದು ವಾರ! ಎಲ್ಲರ ನಾಲಿಗೆಯ ತುದಿಯಲ್ಲೇ ಇದ್ದ ಮಾತು. ಕೇಳಿದ್ದರೆ ಮೊದಲ ದಿನವೇ ಬೀಳುತ್ತಿತ್ತು.

ಮೇಷ್ಟ್ರು ಎಡ ಬಲ ತಪ್ಪುವ ಮನುಷ್ಯರೇ? ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು. ನೀರಿನ ಮೇಲೆ ಹಬೆ ಎದ್ದದ್ದನ್ನು ಕಣ್ಣಾರೆ ಕಂಡು ಕೂಗಿದವರು ಬಲವನ್ನು ಎಡ ಎನ್ನುವುದಿಲ್ಲ. ಎಡ ಎಂದ ದನಿ ಸಮುದ್ರವನ್ನು ನೋಡುತ್ತಲೇ ಇರಲಿಲ್ಲ.

ಮೇಷ್ಟ್ರು ಕೂರುತ್ತಿದ್ದುದು ಚುಕ್ಕಾಣಿ ಕೋಣೆಯ ಹಿಂದಿನ ಪುಟ್ಟ ಗೂಡಿನಲ್ಲಿ. ಒಂದು ಸ್ಟೂಲು, ಮೈಕು, ಗೋಡೆಗೆ ಹೊಡೆದ ಹಲಗೆಯ ಮೇಲೆ ಲೌಡ್‌ಸ್ಪೀಕರಿನ ಡಬ್ಬಿ, ಅದಕ್ಕೆ ತಗುಲಿಸಿದ ಹಾಡಿನ ಯಂತ್ರ. ಇನ್ಸ್‌ಪೆಕ್ಟರಮ್ಮ ಆ ಗೂಡನ್ನು ಹಿಂದೆಯೇ ಶೋಧಿಸಿದ್ದಳು. ಹೊರಡುವಾಗ, ಮರಳುವಾಗ ಹಾಡು ಹಾಕಲು ಎಂದು ಭಾಮೈದ ಹೇಳಿದ್ದ. ತಲೆಯಾಡಿಸಿ ಹೊರಗೆ ಬಂದಿದ್ದಳು.

ಈಗ ಗುಂಡಿ ಒತ್ತಿದಳು. ಹಾಡು ಬಂತು. ಮುಂದಿನದಕ್ಕೆ ಹೋದಳು. ಇನ್ನೊಂದು ಹಾಡು. ಅದರ ಮುಂದಿನದು ಹಾಡಾಗಿರಲಿಲ್ಲ.

"ಎಲ್ಲರಿಗೂ ಸ್ವಾಗತ. ದಯವಿಟ್ಟು ಲೈಫ್ ಜಾಕೆಟ್ ಬಿಚ್ಚಬೇಡಿ..."

ಅವಳು ದನಿ ತಗ್ಗಿಸಿ, ಬಾಗಿಲು ಮುಂದೆ ಮಾಡಿ, ಒಂದೊಂದಾಗಿ ಕೇಳಿದಳು. ತಿಮಿಂಗಿಲ ಎಷ್ಟು ಹೊತ್ತು ಉಸಿರು ಹಿಡಿಯುತ್ತದೆ ಎಂಬ ವಿವರಣೆ. ಡಾಲ್ಫಿನ್ ಬಂದಾಗ ಹೇಳುವ ತಮಾಷೆ. ಬಲಗಡೆ ನೋಡಿ ಎಂಬುದೂ ಒಂದಿತ್ತು. ಕೊನೆಗೆ ಬಂತು: "ಎಡಗಡೆ ನೋಡಿ, ಎಡಗಡೆ ನೋಡಿ. ನಿಧಾನ, ಯಾರೂ ನೂಕಬೇಡಿ."

ಕ್ಯಾಪ್ಟನ್‌ನನ್ನು ಒಳಗೆ ಕರೆದಳು. ಭಾಮೈದ ಚುಕ್ಕಾಣಿ ಹಿಡಿದ. ಆ ಗೂಡಿನಲ್ಲಿ ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗುತ್ತಿತ್ತು. ಅವಳು ಏನನ್ನೂ ಹೇಳದೆ ಗುಂಡಿ ಒತ್ತಿ ಅವನ ಮುಖ ನೋಡಿದಳು. ದನಿ ಕೇಳಿದ ಕೂಡಲೇ ಅವನ ಕಣ್ಣು ನೆಲಕ್ಕೆ ಹೋಯಿತು.

"ಇದು ಏನು ಅಂತ ನಾನು ಕೇಳಲ್ಲ," ಎಂದಳು. "ಇದನ್ನ ಯಾಕೆ ಮುಚ್ಚಿಟ್ರಿ ಅಂತ ಕೇಳ್ತೀನಿ."

ಅವನು ಮೊದಲು ಮುಚ್ಚಿಟ್ಟಿಲ್ಲ ಎಂದ. ನೀವು ಕೇಳಲಿಲ್ಲ ಎಂದ. ಇವತ್ತು ಅದೇ ಮಾತನ್ನು ಮೂರನೆಯವನ ಬಾಯಲ್ಲಿ ಕೇಳಿ ಇನ್ಸ್‌ಪೆಕ್ಟರಮ್ಮನ ತಾಳ್ಮೆ ಕಿತ್ತುಹೋಯಿತು. ಕೈಯಲ್ಲಿದ್ದ ಟೋಪಿಯನ್ನು ಸ್ಟೂಲಿನ ಮೇಲೆ ಬಡಿದಳು.

"ನೋಡಿ. ಎಲ್ಲರಿಗೂ ದನಿ ಕೇಳಿಸ್ತಾ ಇತ್ತು, ಅದಕ್ಕೇ ಮೇಷ್ಟ್ರು ಒಳಗಿದ್ದಾರೆ ಅಂದ್ಕೊಂಡ್ರು. ನಾನೂ ಅಂದ್ಕೊಂಡೆ. ದನಿ ಇದರದ್ದಾದ್ರೆ, ಅವರು ಯಾವಾಗಿಂದ ಇರಲಿಲ್ಲ? ದೋಣಿ ಅರ್ಧ ದಾರಿ ಬಂದಾಗಲಾ? ಬಂದರಿನ ಧಕ್ಕೆ ಬಿಟ್ಟ ಕೂಡಲೇನಾ? ಕಾವಲು ಪಡೆಯೋರು ಒಂದು ವಾರ ಇಲ್ಲಿ ಹುಡುಕಿದ್ರು. ಅವರು ಬಿದ್ದಿದ್ದು ಇಲ್ಲಿ ಅಲ್ಲವೇ ಅಲ್ಲ. ಮೈಮೇಲೆ ಲೈಫ್ ಜಾಕೆಟ್ ಇದ್ದಿದ್ರೆ ಮೊದಲ ದಿನ ಬದುಕಿರ್ತಿದ್ರು. ನಿಮಗೆ ಅರ್ಥ ಆಗ್ತಾ ಇದೆಯಾ?"

ಕ್ಯಾಪ್ಟನ್ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. ಆಮೇಲೆ ಕೆಳದನಿಯಲ್ಲಿ ಬಿಚ್ಚತೊಡಗಿದ. ಕೆಲವು ತಿಂಗಳಿಂದ ಮೇಷ್ಟ್ರ ಗಂಟಲು ಕೆಟ್ಟಿತ್ತು. ಮಾತಾಡಿದರೆ ಕೋಳಿ ಕೆರೆದ ಹಾಗೆ. ಆ ದನಿ ಕೇಳಲೆಂದೇ ಬರುವ ಜನರಿದ್ದರು. ಯಂತ್ರ ಮಾತಾಡುತ್ತದೆಂದು ತಿಳಿದರೆ ಪಕ್ಕದ ದೋಣಿಗೆ ಹೋಗುತ್ತಾರೆ. ಹಾಗಾಗಿ ಗಂಟಲು ನೆಟ್ಟಗಿದ್ದ ಕಾಲದ್ದೆಂದು ಮೇಷ್ಟ್ರೇ ಈ ದನಿ ತಂದುಕೊಟ್ಟರು, ಇಲ್ಲೇ ಕೂತು ಅವರೇ ಗುಂಡಿ ಒತ್ತುತ್ತಿದ್ದರು. ಈ ವಿಷಯ ತನಗೆ, ಭಾಮೈದನಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ.

"ಆವತ್ತು ಗುಂಡಿ ಒತ್ತಿದ್ದು ಯಾರು?"

"ಮೇಷ್ಟ್ರೇ ಇರಬೇಕು ಮೇಡಂ."

"ತಿಮಿಂಗಿಲ ಬಲಗಡೆ ಎದ್ದಾಗ ಎಡಗಡೆ ಅನ್ನೋ ಗುಂಡಿ ಒತ್ತಿದ್ರಾ ಮೇಷ್ಟ್ರು?"

ಅವನು ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡ. ತಾನು ಚುಕ್ಕಾಣಿ ಬಿಟ್ಟು ಅಲುಗಾಡಿಲ್ಲ, ಹಿಂದಿನ ಗೂಡಿನಲ್ಲಿ ಯಾರಿದ್ದರೆಂದು ತಿರುಗಿ ನೋಡುವ ಪದ್ಧತಿ ತನಗಿಲ್ಲ, ಮಕ್ಕಳಾಣೆ ಎಂದ. ಭಾಮೈದ ಕೆಳಗೆ ಎಂಜಿನ್ ಕೋಣೆಯಲ್ಲಿದ್ದನಂತೆ. ಹಾಗೆಂದು ಭಾಮೈದನೇ ಹೇಳಿದ್ದಂತೆ.

ಇನ್ಸ್‌ಪೆಕ್ಟರಮ್ಮ ಅವನ ಮಾತನ್ನು ನಂಬಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಬಾಗಿಲು ತೆರೆದು ಇಡೀ ದೋಣಿಯನ್ನೊಮ್ಮೆ ನೋಡಿದಳು. ಆವತ್ತು ಈ ಗೂಡಿನಿಂದ ದನಿ ಬಂದಾಗ ಯಾರು ಯಾವ ಮೂಲೆಯಲ್ಲಿದ್ದರು? ಅವಳಿಗೆ ತಿಮಿಂಗಿಲ ಇನ್ನು ಬೇಕಿರಲಿಲ್ಲ. ಗುಂಡಿ ಒತ್ತಿದರೆ ಸಾಕಾಗಿತ್ತು. ಎಲ್ಲರೂ ಆವತ್ತಿನ ಜಾಗದಲ್ಲಿ ನಿಲ್ಲಲಿ, ಆ ದನಿ ಮೊಳಗಲಿ, ಯಾರ ಮುಖ ಏನಾಗುತ್ತದೆ ನೋಡೋಣ ಎಂದುಕೊಂಡಳು.

ಎಂಜಿನ್ ನಿಲ್ಲಿಸಲು ಹೇಳಿದಳು. ಅಳಿಯ, ಮತ್ತೇನು ಹೊಸ ನಾಟಕ ಎಂದು ಗೊಣಗುತ್ತ ಬಲಗಡೆಗೆ ಹೋಗಿ ನಿಂತ. ಫೋಟೋಗ್ರಾಫರ್ ನಡುವಿನ ಮೆಟ್ಟಿಲ ಬಳಿ ನಿಂತ. ಭಾಮೈದ ಎಂಜಿನ್ ಕೋಣೆಯ ಬಾಯಿಯಿಂದ ಸೊಂಟದವರೆಗೆ ಹೊರಗೆ ಬಂದು ನೋಡುತ್ತಿದ್ದ. ಕಾನ್‌ಸ್ಟೇಬಲ್ ಮತ್ತೆ ಹಿಂಬದಿಯ ಕಂಬಿಗೆ ಹೋದ. ಎಂಜಿನ್ ಸದ್ದು ಅಡಗಿದ ಮೇಲೆ ದೋಣಿಯ ಹೊಟ್ಟೆಗೆ ಅಲೆ ತಟ್ಟುವುದಷ್ಟೇ ಕೇಳುತ್ತಿತ್ತು.

ಅವಳು ದನಿಯನ್ನು ಪೂರ್ತಿ ಏರಿಸಿ ಗುಂಡಿ ಒತ್ತಿದಳು.

"ಎಡಗಡೆ ನೋಡಿ, ಎಡಗಡೆ ನೋಡಿ. ನಿಧಾನ, ಯಾರೂ ನೂಕಬೇಡಿ."

ಅಳಿಯ ಬೆಚ್ಚಿದ. ಫೋಟೋಗ್ರಾಫರ್ ಕೈ ತನ್ನಿಂದ ತಾನೇ ಕ್ಯಾಮೆರಾಕ್ಕೆ ಹೋಯಿತು. ಮುದುಕಿ, ಇದೇ, ಇದೇ ಎಂದು ಚೀಲದೊಳಗಿನಿಂದಲೇ ಹೇಳಿದಳು. ಇನ್ಸ್‌ಪೆಕ್ಟರಮ್ಮ ಒಂದೊಂದೇ ಮುಖವನ್ನು ಹಿಡಿಯಲು ನೋಡಿದಳು. ಎಲ್ಲವೂ ಒಂದೇ ರೀತಿ ಹೆದರಿದ ಮುಖಗಳು. ಹೆದರಿಕೆಯಲ್ಲಿ ಕಳ್ಳ ಯಾರು, ಸಾಚಾ ಯಾರು ಎಂದು ಮುದ್ರೆ ಒತ್ತಿರುವುದಿಲ್ಲ. ಇದೂ ಕೈಕೊಟ್ಟಿತು ಎಂದುಕೊಂಡಳು.

ಆಗ ನೆರಳಿನ ಬೆಂಚಿನಿಂದ ಮೇಷ್ಟ್ರ ಹೆಂಡತಿ ಎದ್ದು ನಿಂತಳು.

ಓಲಾಡುವ ದೋಣಿಯಲ್ಲಿ ಒಂದೊಂದೇ ಬೆಂಚನ್ನು ಹಿಡಿದುಕೊಂಡು ಅವಳು ಗೂಡಿನವರೆಗೆ ಬಂದಳು. ಅವಳಿಗೆ ಸಂಕಟವಾಗಿರಬೇಕು, ಗಂಡನ ದನಿ ಕೇಳಿ ತಡೆಯಲಾಗಿಲ್ಲ ಎಂದುಕೊಂಡು ಇನ್ಸ್‌ಪೆಕ್ಟರಮ್ಮ ಕೈ ಚಾಚಿದಳು. ಗಂಟಲು ಕೆಡುವ ಮೊದಲು ಹಿಡಿದಿಟ್ಟ ದನಿಯಂತೆ ಎಂದು ಸಮಾಧಾನದ ದನಿಯಲ್ಲಿ ಹೇಳಿದಳು.

"ಯಾರ ಗಂಟಲು ಕೆಟ್ಟಿತ್ತು?" ಎಂದಳು ಮೇಷ್ಟ್ರ ಹೆಂಡತಿ.

"ಮೇಷ್ಟ್ರದ್ದು. ಕ್ಯಾಪ್ಟನ್ ಹೇಳಿದ್ರು, ಕೆಲವು ತಿಂಗಳಿಂದ..."

"ಅವರ ಗಂಟಲಿಗೆ ಏನೂ ಆಗಿರಲಿಲ್ಲ. ಆವತ್ತು ಬೆಳಿಗ್ಗೆ ಮೂರು ಮನೆಗೆ ಕೇಳೋ ಹಾಗೆ ನನ್ನ ಹತ್ತಿರ ಜಗಳ ಆಡಿಕೊಂಡೇ ಹೊರಟಿದ್ದು." ಅವಳು ಕ್ಯಾಪ್ಟನ್ ಕಡೆ ನೋಡಲಿಲ್ಲ. ಆ ಡಬ್ಬಿಯನ್ನೇ ನೋಡುತ್ತಿದ್ದಳು. "ಇನ್ನೊಂದು ಸಲ ಹಾಕಿ."

ಇನ್ಸ್‌ಪೆಕ್ಟರಮ್ಮ ಮತ್ತೆ ಒತ್ತಿದಳು. ಮೇಷ್ಟ್ರ ಹೆಂಡತಿ ಕಣ್ಣು ಮುಚ್ಚಿ ಕೊನೆಯ ಅಕ್ಷರದವರೆಗೂ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿದ್ದ ಅಳು ಇಂಗಿ, ಅಲ್ಲಿ ಬೇರೇನೋ ಬಂದು ಕೂತಿತು.

"ಇದು ನಮ್ಮ ಯಜಮಾನ್ರ ದನಿ ಅಲ್ಲ."

ಕ್ಯಾಪ್ಟನ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಇನ್ಸ್‌ಪೆಕ್ಟರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮೇಷ್ಟ್ರನ್ನು ಹಿಂದೆಂದೂ ಕಂಡಿರದ ಪ್ರವಾಸಿಗರಿಗೆ ಯಾವ ದನಿಯಾದರೇನು, ಅದು ಮೇಷ್ಟ್ರದ್ದೇ. ದೋಣಿಯ ಕೆಲಸದವರನ್ನು ಬಿಟ್ಟರೆ ಅವರ ನಿಜವಾದ ದನಿ ಗೊತ್ತಿದ್ದವಳು ಇವಳೊಬ್ಬಳು. ಇವಳು ದೋಣಿ ಹತ್ತಿದ್ದು ಇವತ್ತೇ ಮೊದಲು.

"ಮತ್ತೆ ಇದು ಯಾರದು? ನಿಮಗೆ ಗೊತ್ತಾ?"

"ಗೊತ್ತು."

ಮೇಷ್ಟ್ರ ಹೆಂಡತಿಯ ಕೈ ಇನ್ಸ್‌ಪೆಕ್ಟರಮ್ಮನ ಮೊಣಕೈಯನ್ನು ಹುಡುಕಿ ಹಿಡಿಯಿತು. ಬಿಸಿಲಲ್ಲೂ ಆ ಬೆರಳುಗಳು ತಣ್ಣಗಿದ್ದವು. ಅವಳು ಹತ್ತಿರ ಸರಿದು, ಇನ್ಸ್‌ಪೆಕ್ಟರಮ್ಮನೊಬ್ಬಳಿಗೇ ಕೇಳುವಂತೆ ಹೇಳಬೇಕೆಂದುಕೊಂಡಿದ್ದಳೇನೋ. ಆದರೆ ಎಂಜಿನ್ ನಿಂತಿತ್ತು, ಗಾಳಿ ಬಿದ್ದಿತ್ತು, ಮಾತು ದೋಣಿಯ ಮೂಲೆ ಮೂಲೆಗೂ ಹೋಯಿತು.

"ದಡ ಮುಟ್ಟಲಿ, ಹೇಳ್ತೀನಿ. ಇಲ್ಲಿ ಹೇಳಲ್ಲ. ಅವರು ಈಗ ಈ ದೋಣಿಯಲ್ಲೇ ಇದ್ದಾರೆ."

ಇನ್ಸ್‌ಪೆಕ್ಟರಮ್ಮ ಮೇಷ್ಟ್ರ ಹೆಂಡತಿಯನ್ನು ಮೆಲ್ಲನೆ ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ದಡ ದೂರದಲ್ಲಿ ಒಂದು ಗೆರೆಯ ಹಾಗೆ ಕಾಣುತ್ತಿತ್ತು, ಎಂಜಿನ್ ಪೂರ್ತಿ ಓಡಿಸಿದರೂ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತದೆ.

ದೋಣಿ ತಿರುಗಿಸಿ ಎಂದು ಕ್ಯಾಪ್ಟನ್‌ಗೆ ಹೇಳಿದಳು. ಅವನು ತಲೆಯಾಡಿಸಿ ಚುಕ್ಕಾಣಿಯತ್ತ ನಡೆದ, ಒಂದು ಮಾತೂ ಆಡಲಿಲ್ಲ. ಎಂಜಿನ್ ಹಾಕು ಎಂದು ಭಾಮೈದನಿಗೆ ಕೂಗಿದಳು. ಅವನು ಕೈ ಎತ್ತಿ ತೋರಿಸಿ ಕೆಳಗಿಳಿದ. ಎಲ್ಲರೂ ನಡುವಿಗೆ ಬಂದು ಕೂತುಕೊಳ್ಳಿ ಎಂದಳು. ಫೋಟೋಗ್ರಾಫರ್ ತುಟಿ ಬಿಗಿದುಕೊಂಡು ಬಂದು ಕೂತ. ಬೆಳಗಿನಿಂದ ದೂರು ಹೇಳಿ ಹೇಳಿ ತಲೆ ತಿಂದಿದ್ದ ಅಳಿಯ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದ.

ಎಲ್ಲರೂ ಯಾಕೆ ಬಾಯಿ ಮುಚ್ಚಿದ್ದಾರೆಂದು ಇನ್ಸ್‌ಪೆಕ್ಟರಮ್ಮನಿಗೆ ಆಗ ಹೊಳೆಯಿತು. ಬಾಯಿ ಬಿಟ್ಟರೆ ದನಿ ಹೊರಗೆ ಬರುತ್ತದೆ. ಡಬ್ಬಿಯಲ್ಲಿ ಒಡೆದು ಬಂದ ಆ ದನಿ ಯಾರದೆಂದು ನೆನಪಿನಿಂದ ಹೇಳಲಾಗದಿದ್ದರೂ ಇನ್ನೂ ಎಲ್ಲರ ಕಿವಿಯಲ್ಲಿದೆ. ಹೋಲಿಕೆ ಹುಡುಕಲು ಈಗ ಯಾರೂ ಎಡೆ ಕೊಡುವುದಿಲ್ಲ.

ಸದ್ಯ, ತನ್ನವನೆಂದು ಒಬ್ಬನಿದ್ದಾನೆ. ಹಿಂಬದಿಯ ಕಂಬಿಯ ಕಡೆ ತಿರುಗಿ ಕಾನ್‌ಸ್ಟೇಬಲ್‌ನನ್ನು ಕರೆದಳು. ದಡಕ್ಕೆ ಫೋನ್ ಮಾಡಿ ಕಾವಲು ದೋಣಿಯನ್ನು ಕರೆಸಬೇಕು, ಸಿಗ್ನಲ್ ಇದೆಯಾ ಎಂದು ಕೇಳಿದಳು.

ಅವನು ಅವಳನ್ನು ನೋಡಿದ. ಅವಳ ಬೆನ್ನ ಹಿಂದೆ ನಿಂತಿದ್ದ ಮೇಷ್ಟ್ರ ಹೆಂಡತಿಯನ್ನು ನೋಡಿದ. ಆಮೇಲೆ ಇಲ್ಲ ಎಂಬಂತೆ ಮೆಲ್ಲನೆ ತಲೆಯಾಡಿಸಿದ. ಬಾಯಿ ಮಾತ್ರ ತೆರೆಯಲಿಲ್ಲ.

ಇನ್ಸ್‌ಪೆಕ್ಟರಮ್ಮನ ಮೊಣಕೈ ಹಿಡಿದಿದ್ದ ತಣ್ಣನೆಯ ಬೆರಳುಗಳು ಇನ್ನಷ್ಟು ಬಿಗಿಯಾದವು.